ಕಿಸುಮು ಸುತ್ತಮುತ್ತ ಸೈಕಲ್ ಬೋಡಾದಲ್ಲಿ ಹಳ್ಳಿ ಸುತ್ತಾಟ: ಹೋಗಬೇಕಾ, ಬೇಡವಾ?

ತುಂಗೆ ದಂಡೆ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕೀನ್ಯಾದ ಕಿಸುಮು ಊರಿಗೆ ಹೋಗುತ್ತಿದ್ದೇನೆ. ಶನಿವಾರ, ಭಾನುವಾರ ಬಿಡುವು ಇರುತ್ತದೆ. ಕೀನ್ಯಾ ಅಂದರೆ ಎಲ್ಲರೂ ಮಸಾಯ್ ಮಾರಾ, ಸಿಂಹ ಅನ್ನುತ್ತಾರೆ. ನನಗೆ ಅದಕ್ಕಿಂತ ಹಳ್ಳಿ ನೋಡುವ ಆಸೆ ಜಾಸ್ತಿ. ಹೊಲ, ಸಂತೆ, ಜನ.

ಆ ಕಡೆ ಸೈಕಲ್ ಟ್ಯಾಕ್ಸಿ ಇದೆ, ಅದಕ್ಕೆ ಬೋಡಾ ಬೋಡಾ ಅಂತಾರೆ ಅಂತ ಕೇಳಿದ್ದೇನೆ. ಕ್ಯಾರಿಯರ್ ಮೇಲೆ ದಪ್ಪ ಸೀಟು ಕಟ್ಟಿ ಪ್ಯಾಸೆಂಜರ್ ಕೂರಿಸಿಕೊಂಡು ಹೋಗುತ್ತಾರಂತೆ. ಒಂದು ದಿನ ಹಾಗೇ ಮಣ್ಣು ರಸ್ತೆಗಳಲ್ಲಿ ಸುತ್ತಿ ಬರೋಣ ಅಂದುಕೊಂಡೆ. ಮನೆಯಲ್ಲಿ ಹೇಳಿದ್ದೇ ತಡ, ತಂಗಿ ಜಗಳಕ್ಕೆ ಬಂದಳು. "ನಿನ್ನಂಥ ದಪ್ಪ ಮನುಷ್ಯನನ್ನು ಇನ್ನೊಬ್ಬ ಬಿಸಿಲಲ್ಲಿ ತುಳಿದುಕೊಂಡು ಹೋಗಬೇಕಾ? ಕಲ್ಕತ್ತಾದ ಕೈರಿಕ್ಷಾಗೂ ಇದಕ್ಕೂ ಏನು ವ್ಯತ್ಯಾಸ?" ಅಂದಳು. ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಆ ಕಡೆ ಇದ್ದವರು, ಓಡಾಡಿದವರು ಹೇಳಿ. ಅಪಾಯ ಇದೆಯಾ? ಯಾವ ರಸ್ತೆ ಒಳ್ಳೆಯದು? ಎಲ್ಲಕ್ಕಿಂತ ಮುಖ್ಯವಾಗಿ, ಇದು ಸರೀನಾ?

ರಾಯಚೂರು ಬಿಸಿಲು
ಹೋಗಿ ಬನ್ನಿ ಸರ್. ಸವಾರರ ಫೋಟೋ ಮಾತ್ರ ಕೇಳಿಯೇ ತೆಗೆಯಿರಿ.

ಗರಂ ಚಾ
ನಿಮ್ಮ ತಂಗಿ ಹೇಳಿದ್ದೇ ಸರಿ. ಅಲ್ಲಿನ ಜನ ಬೇರೆ ದಾರಿ ಇಲ್ಲದೆ ಕ್ಯಾರಿಯರ್ ಮೇಲೆ ಕೂರುತ್ತಾರೆ. ಸಂತೆಗೆ ಹೋಗಬೇಕು, ಆಸ್ಪತ್ರೆಗೆ ಹೋಗಬೇಕು. ನಿಮಗೆ ಆ ಅಗತ್ಯ ಇಲ್ಲ, ಕಾರು ಮಾಡಿಕೊಳ್ಳುವಷ್ಟು ದುಡ್ಡಿದೆ. ಹಾಗಿದ್ದೂ ಒಬ್ಬ ಬೆವರು ಸುರಿಸಿ ತುಳಿಯಬೇಕು, ನೀವು ಹಿಂದೆ ಕೂತು ಊರು ನೋಡಬೇಕು. ನನಗಂತೂ ಒಪ್ಪಿಗೆ ಆಗುವುದಿಲ್ಲ. ಸೈಕಲ್ ಬಾಡಿಗೆಗೆ ತಗೊಂಡು ನೀವೇ ತುಳಿಯಿರಿ.

ಕೆರೆ ದಂಡೆ ಕನ್ನಡಿಗ
ನಾನು ಕಿಸುಮುವಿನಲ್ಲೇ ಇರುವವನು. ಮೊದಲು ದಾರಿ ವಿಷಯ ಹೇಳುತ್ತೇನೆ, ಸರಿ ತಪ್ಪು ಆಮೇಲೆ.

ಕಿಸುಮು ಪೇಟೆಯೊಳಗೆ ಈಗ ಮೋಟಾರ್ ಬೈಕ್ ಬೋಡಾ, ಟುಕ್ ಟುಕ್ ಜಾಸ್ತಿ. ಟುಕ್ ಟುಕ್ ಅಂದರೆ ನಮ್ಮ ಆಟೋನೇ, ಬಹಳಷ್ಟು ಬಜಾಜ್ ಗಾಡಿಗಳು. ಸೈಕಲ್ ಬೋಡಾ ಬೇಕು ಅಂದರೆ ಊರಿಂದ ಆಚೆ ಹೋಗಬೇಕು. ನನ್ನ ಸಲಹೆ ಅಹೇರೊ. ಕಿಸುಮುವಿನಿಂದ ಪೂರ್ವಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮಟಾಟು ವ್ಯಾನ್ ಹತ್ತಿದರೆ ಸಲೀಸಾಗಿ ತಲುಪುತ್ತೀರಿ. ಅದು ಕಾನೊ ಬಯಲು, ಕಣ್ಣು ಹಾಯಿಸಿದಷ್ಟು ದೂರ ಸಮತಟ್ಟು. ಏರು ಇಳಿಜಾರು ಇಲ್ಲದ ಕಾರಣ ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗ. ಸರ್ಕಾರ 1960ರ ದಶಕದಲ್ಲಿ ಅಲ್ಲಿ ನೀರಾವರಿ ಯೋಜನೆ ಶುರು ಮಾಡಿತು, ಹಾಗಾಗಿ ಭತ್ತದ ಗದ್ದೆ. ಕಾಲುವೆ ಏರಿ ಮೇಲೆ ಸೈಕಲ್ ಹೋಗುತ್ತದೆ. ಗದ್ದೆ ತುಂಬ ಬೆಳ್ಳಕ್ಕಿ. ಹೆಂಗಸರು ರಸ್ತೆ ಪಕ್ಕ ಟಾರ್ಪಾಲಿನ ಮೇಲೆ ಭತ್ತ ಒಣಗಿಸುತ್ತಿರುತ್ತಾರೆ. ಉತ್ತರಕ್ಕೆ ನಂದಿ ಬೆಟ್ಟಗಳ ಸಾಲು ಕಾಣುತ್ತದೆ. ಹೌದು, ಅಲ್ಲಿಯೂ ನಂದಿ ಬೆಟ್ಟ ಇದೆ, ನಂದಿ ಅನ್ನುವ ಜನರ ನಾಡು ಅದು.

ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬರಬೇಡಿ. ನ್ಯಾಂಡೊ ನದಿ ಉಕ್ಕಿ ಆ ಬಯಲಿಗೆಲ್ಲ ನೀರು ನುಗ್ಗುತ್ತದೆ.

ಹೆದ್ದಾರಿಯಲ್ಲಿ ಸೈಕಲ್ ಬೋಡಾ ಹತ್ತಲೇಬೇಡಿ. ಉಗಾಂಡಾ ಗಡಿಗೆ ಹೋಗುವ ಲಾರಿಗಳು ಆ ರಸ್ತೆಯಲ್ಲಿ ಹೇಗೆ ನುಗ್ಗುತ್ತವೆ ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಳಗಿನ ಮುರ್ರಂ ರಸ್ತೆ ಸಾಕು.

ಬೀದರ್ ಬಂಡೆ
ಮುರ್ರಂ ಅಂದರೆ ನಮ್ಮ ಕಡೆಯ ಮುರುಮ್ ಮಣ್ಣೇ ಅಲ್ವಾ? ಕೆಂಪು, ಗಟ್ಟಿ, ಮಳೆ ಬಂದರೆ ಜಾರುವುದು?

ಕೆರೆ ದಂಡೆ ಕನ್ನಡಿಗ
ಅದೇ ಸರ್. ಮಳೆ ಬಂದರೆ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬಿಬಿಡುತ್ತದೆ. ಆಗ ಸವಾರರು ಇಳಿದು ಕಡ್ಡಿಯಿಂದ ಕೆರೆದು ತೆಗೆದು ಮುಂದೆ ಹೋಗುತ್ತಾರೆ.

ಪೆಡಲ್ ಪುಟ್ಟಿ
ಗರಂ ಚಾ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ "ನೀವೇ ತುಳಿಯಿರಿ" ಅಂದರೆ ಆ ಸವಾರನಿಗೆ ಏನು ಸಿಕ್ಕಿತು? ಅವನು ಬೆಳಗ್ಗೆ ಸವಾರರು ನಿಲ್ಲುವ ಸ್ಟೇಜಿಗೆ ಬಂದು ನಿಂತಿರುವುದು ಪ್ಯಾಸೆಂಜರ್ ಬರಲಿ ಅಂತ. ನೀವು ಅವನ ಮೇಲೆ ಕರುಣೆ ತೋರಿಸಿ ಕಾರಲ್ಲಿ ಹೋದಿರಿ. ಅವನ ಮನೆಯಲ್ಲಿ ರಾತ್ರಿ ಒಲೆ ಹಚ್ಚುವುದು ಹೇಗೆ? ಆಟೋ ಡ್ರೈವರ್, ಹಮಾಲಿ, ಗಾರೆ ಕೆಲಸದವರು ಎಲ್ಲರೂ ಮೈ ಬಗ್ಗಿಸಿ ದುಡಿಯುವವರೇ. ಗಾರೆ ಕೆಲಸದವರು ಕಷ್ಟಪಡುತ್ತಾರೆ ಅಂತ ನಾವು ಮನೆ ಕಟ್ಟಿಸುವುದು ಬಿಡುತ್ತೇವಾ?

ಗರಂ ಚಾ
ಮನೆ ಬೇಕೇ ಬೇಕು. ಮೋಜಿನ ಸವಾರಿ ಬೇಕೇ ಬೇಕು ಅನ್ನುವ ಹಾಗಿಲ್ಲ. ನಾನು ಹೇಳಿದ್ದು ಅಷ್ಟೇ. ಅವನ ಹೊಟ್ಟೆಪಾಡಿನ ಹೆಸರು ಹೇಳಿ ಯಾವ ಕೆಲಸವನ್ನು ಬೇಕಾದರೂ ಸರಿ ಅನ್ನಬಹುದು.

ಮೈಸೂರು ಮೇಷ್ಟ್ರು
ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ಸೈಕಲ್ ಟ್ಯಾಕ್ಸಿ ಹೊರಗಿನವರು ಪ್ರವಾಸಿಗರಿಗೆ ಅಂತ ಹುಟ್ಟುಹಾಕಿದ್ದಲ್ಲ. 1960ರ ದಶಕದಲ್ಲಿ ಕೀನ್ಯಾ ಮತ್ತು ಉಗಾಂಡಾ ನಡುವಿನ ಬುಸಿಯಾ ಗಡಿಯಲ್ಲಿ ಶುರುವಾಯಿತು. ಒಂದು ದೇಶದ ಚೌಕಿಯಿಂದ ಇನ್ನೊಂದು ದೇಶದ ಚೌಕಿಗೆ ನಡುವೆ ಒಂದಷ್ಟು ದೂರ. ಬಸ್ಸು ಆ ಜಾಗ ದಾಟಬೇಕಾದರೆ ಕಾಗದಪತ್ರ ಬೇಕು. ಜನ ಮೂಟೆ ಹೊತ್ತು ನಡೆಯಬೇಕಿತ್ತು. ಆಗ ಸೈಕಲ್ ಇದ್ದ ಹುಡುಗರು "ಬಾರ್ಡರ್, ಬಾರ್ಡರ್" ಅಂತ ಕೂಗಿ ಜನರನ್ನೂ ಮೂಟೆಯನ್ನೂ ದಾಟಿಸಲು ನಿಂತರು. ಅಲ್ಲಿಂದ ಪೂರ್ವ ಉಗಾಂಡಾ, ಪಶ್ಚಿಮ ಕೀನ್ಯಾ ತುಂಬ ಹರಡಿತು. ಆ ಊರಿನ ಜನ ತಮ್ಮ ಅಗತ್ಯಕ್ಕೆ ತಾವೇ ಕಟ್ಟಿಕೊಂಡ ಸಾರಿಗೆ ಅದು. ಕೈರಿಕ್ಷಾ ಜೊತೆ ಹೋಲಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು. ಕೈರಿಕ್ಷಾದಲ್ಲಿ ಉಳ್ಳವರು ಕೂತರು, ಇಲ್ಲದವರು ಎಳೆದರು. ಬೋಡಾದಲ್ಲಿ ತುಳಿಯುವವನೂ ಕೂರುವವನೂ ಒಂದೇ ಕೇರಿಯವರು.

ರಾಯಚೂರು ಬಿಸಿಲು
ಬೋಡಾ ಉಗಾಂಡಾದ ಕಂಪಾಲಾದಲ್ಲಿ ಶುರುವಾಗಿದ್ದು ಅಲ್ವಾ ಮೇಷ್ಟ್ರೇ? ಅಲ್ಲಿ ರಸ್ತೆ ತುಂಬ ಅವೇ.

ಮೈಸೂರು ಮೇಷ್ಟ್ರು
ಇಲ್ಲಪ್ಪ. ಕಂಪಾಲಾದಲ್ಲಿ ಇರುವುದು ಮೋಟಾರ್ ಬೈಕ್. ಅದು ಆಮೇಲೆ ಬಂದದ್ದು. ಸೈಕಲ್ ಮೊದಲು, ಅದೂ ಗಡಿಯಲ್ಲಿ.

ಗರಂ ಚಾ
ಮೇಷ್ಟ್ರೇ, ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಡುತ್ತದೆ. ಒಂದೇ ಕೇರಿಯವರು ಕೂತರೆ ಅದು ಸಾರಿಗೆ. ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ವಿಮಾನ ಹತ್ತಿ ಬಂದವರು ಕೂತರೆ ಅದೇ ಕೈರಿಕ್ಷಾ.

ಸೈಕಲ್ ಶಾಪ್ ಗದಗ
ನಾನು ಸರಿ ತಪ್ಪು ಮಾತಾಡುವವನಲ್ಲ, ಗಾಡಿ ಬಗ್ಗೆ ಹೇಳುತ್ತೇನೆ. ನಮ್ಮ ಅಪ್ಪನ ಕಾಲದಿಂದ ಸೈಕಲ್ ಅಂಗಡಿ. ಅಲ್ಲಿ ಓಡುವ ಬೋಡಾ ಸೈಕಲ್‌ಗಳಲ್ಲಿ ತುಂಬಾ ನಮ್ಮ ದೇಶದವೇ. ಹೀರೋ, ಏವನ್, ಎರಡೂ ಲೂಧಿಯಾನಾದವು. ಚೀನಾದ ಫೀನಿಕ್ಸ್ ಕೂಡ ಇದೆ. ಕೀನ್ಯಾದಲ್ಲಿ ಈ ಕರೀ ದೊಡ್ಡ ಸೈಕಲ್ಲಿಗೆ ಬ್ಲ್ಯಾಕ್ ಮಾಂಬಾ ಅನ್ನುತ್ತಾರೆ. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಗೇರಿಲ್ಲ. ಹಾಲು, ಸೀಮೆಎಣ್ಣೆ ಮಾರುವವರು ನಮ್ಮ ಕಡೆ ಇದನ್ನೇ ತುಳಿದರು.

ಕಾರ್ಖಾನೆಯಿಂದ ಬಂದ ಹಾಗೆ ಅದನ್ನು ಟ್ಯಾಕ್ಸಿ ಮಾಡಲು ಆಗುವುದಿಲ್ಲ. ಕ್ಯಾರಿಯರ್ ಕಿತ್ತು ಕಬ್ಬಿಣದ ಸರಳಿನಲ್ಲಿ ಹೊಸದು ವೆಲ್ಡ್ ಮಾಡಿಸುತ್ತಾರೆ. ಅದರ ಮೇಲೆ ಸ್ಪಂಜು, ಅದಕ್ಕೆ ರೆಕ್ಸಿನ್, ಅಂಚಿಗೆ ಬಣ್ಣದ ಗೊಂಡೆ. ಹಿಂದಿನ ಎಕ್ಸೆಲ್‌ಗೆ ಕಾಲಿಡಲು ಎರಡು ಕಡೆ ಸರಳು. ಸವಾರನ ಸೀಟಿನ ಕೆಳಗೆ ಪ್ಯಾಸೆಂಜರ್ ಹಿಡಿದುಕೊಳ್ಳಲು ಇನ್ನೊಂದು ಹ್ಯಾಂಡಲ್. ಮುಂದಿನ ಫೋರ್ಕಿಗೆ ಆಸರೆ ಸರಳು. ಹಿಂದಿನ ಚಕ್ರದ ಮೇಲೆ ಅಷ್ಟು ಭಾರ ಬಿದ್ದರೆ ಸ್ಪೋಕ್ ಮೊದಲು ಸಡಿಲ ಆಗುತ್ತದೆ, ಆಮೇಲೆ ರಿಮ್ ಬೆಂಡ್ ಬರುತ್ತದೆ. ಹತ್ತುವ ಮುಂಚೆ ಹಿಂದಿನ ಚಕ್ರ ಎತ್ತಿ ತಿರುಗಿಸಿ ನೋಡಿ. ಆ ಕಡೆ ಈ ಕಡೆ ಓಲಾಡಿದರೆ ಬೇರೆ ಸೈಕಲ್ ಹಿಡಿಯಿರಿ. ಬ್ರೇಕ್ ರಬ್ಬರ್ ಇದೆಯಾ ನೋಡಿ. ಮಳೆಯಲ್ಲಿ ಕಡ್ಡಿ ಬ್ರೇಕು ನಂಬಬೇಡಿ, ರಿಮ್ ಒದ್ದೆಯಾದರೆ ಹಿಡಿಯುವುದೇ ಇಲ್ಲ.

ಹಂಪಿ ಹಾದಿ
ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವ ಮಾತು ಬಂದ ಕೂಡಲೇ ನಮ್ಮ ಡಬಲ್ಸ್ ನೆನಪಾಯಿತು. ನಾವು ಹೈಸ್ಕೂಲಿಗೆ ಹೋಗುವಾಗ ಡಬಲ್ಸ್ ಹೊಡೆದರೆ ಪೊಲೀಸರು ಹಿಡಿದು ಎರಡೂ ಚಕ್ರದ ಗಾಳಿ ಬಿಡುತ್ತಿದ್ದರು. ರಾತ್ರಿ ಡೈನಮೊ ಇಲ್ಲದಿದ್ದರೂ ಅಷ್ಟೇ.

ರಾಯಚೂರು ಬಿಸಿಲು
ನಮ್ಮೂರಲ್ಲಿ ವಾಲ್ವ್ ಟ್ಯೂಬನ್ನೇ ಕಿತ್ತುಕೊಂಡು ಹೋಗುತ್ತಿದ್ದರು!

ಕಿಗಾಲಿ ಕನ್ನಡಿಗ
ಕೀನ್ಯಾ ಬಗ್ಗೆ ಎಲ್ಲರೂ ಹೇಳಿದರು. ರುವಾಂಡಾ ಕಥೆ ಬೇರೆ. ಅದು ಗುಡ್ಡಗಳ ದೇಶ. ಇಲ್ಲಿಯ ಸೈಕಲ್ ಟ್ಯಾಕ್ಸಿಯವರು ಸಹಕಾರ ಸಂಘ ಮಾಡಿಕೊಂಡಿದ್ದಾರೆ. ನಂಬರ್ ಇರುವ ಜಾಕೆಟ್ ಹಾಕಿಕೊಳ್ಳುತ್ತಾರೆ. ಕಿಗಾಲಿಯ ಮುಖ್ಯ ರಸ್ತೆಗಳಲ್ಲಿ ಅವರಿಗೆ ಅವಕಾಶ ಇಲ್ಲ, ಹಳ್ಳಿ ಮತ್ತು ಸಣ್ಣ ಪೇಟೆಗಳಲ್ಲಿ ಓಡಿಸುತ್ತಾರೆ. ಇಳಿಜಾರಿನಲ್ಲಿ ಹಾರಿಸಿಕೊಂಡು ಹೋಗುತ್ತಾರೆ. ಏರು ಬಂದರೆ ಪ್ಯಾಸೆಂಜರ್ ಇಳಿದು ಜೊತೆಗೆ ನಡೆಯುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಇಳಿಯದೆ ಕೂತೇ ಇದ್ದವರನ್ನು ನಾನು ಕಂಡಿಲ್ಲ.

ಇನ್ನೊಂದು ವಿಷಯ ನೀವೆಲ್ಲ ತಿಳಿಯಬೇಕು. ರುವಾಂಡಾದ ರಾಷ್ಟ್ರೀಯ ಸೈಕ್ಲಿಂಗ್ ತಂಡ ಕಟ್ಟಿದ ಶುರುವಿನ ದಿನಗಳಲ್ಲಿ ಅದರಲ್ಲಿದ್ದ ಕೆಲವರು ಸೈಕಲ್ ಟ್ಯಾಕ್ಸಿ ತುಳಿದು ಬದುಕಿದವರೇ. ಪ್ಯಾಸೆಂಜರ್ ಕೂರಿಸಿಕೊಂಡು ಗುಡ್ಡ ಹತ್ತಿದ ಕಾಲುಗಳು ರೇಸಿಗೆ ಬಂದವು. 2025ರ ಸೆಪ್ಟೆಂಬರಿನಲ್ಲಿ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ ಕಿಗಾಲಿಯಲ್ಲೇ ನಡೆಯಿತು. ಆಫ್ರಿಕಾ ಖಂಡದಲ್ಲಿ ಅದೇ ಮೊದಲ ಸಲ. ಗಂಡಸರ ರೇಸಿನಲ್ಲಿ ಸ್ಲೊವೇನಿಯಾದ ತಾದೇಯ್ ಪೊಗಾಚಾರ್ ಗೆದ್ದರು. ಕಲ್ಲು ಹಾಸಿದ ಒಂದು ಕಡಿದಾದ ಏರು ಇದೆ, ಅಲ್ಲಿ ಜನ ಕಿಕ್ಕಿರಿದಿದ್ದರು. ಈ ನಾಡಿನಲ್ಲಿ ಸೈಕಲ್ ತುಳಿಯುವುದು ಕೀಳು ಕೆಲಸ ಅಲ್ಲ, ಗರಂ ಚಾ ಅವರೇ.

ಗರಂ ಚಾ
ನಾನು ಕೀಳು ಅಂತ ಎಲ್ಲಿ ಹೇಳಿದೆ? ತುಳಿಯುವುದು ಕೀಳಲ್ಲ. ತುಳಿಸಿಕೊಳ್ಳುವವರ ಬಗ್ಗೆ ನನ್ನ ಮಾತು.

ಪೆಡಲ್ ಪುಟ್ಟಿ
ಇಳಿದು ನಡೆಯುವುದು ಒಳ್ಳೆ ಪದ್ಧತಿ. ತುಂಗೆ ದಂಡೆ ಅಣ್ಣ, ಇದನ್ನು ಬರೆದಿಟ್ಟುಕೊಳ್ಳಿ.

ಕಡಲ ತೀರ ಉಡುಪಿ
ನಾನು ನರ್ಸ್. ಪೂರ್ವ ಉಗಾಂಡಾದಲ್ಲಿ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ಆ ಹಳ್ಳಿಗಳಿಗೆ ಆಂಬುಲೆನ್ಸ್ ಬರುವುದು ದೂರದ ಮಾತು. ಮಲೇರಿಯಾ ಜ್ವರದ ಮಗುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ತಾಯಿ, ಅವಳು ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲು ಹಾಕಿ ಕೂತಿರುತ್ತಾಳೆ. ಮುಂದೆ ಬೆವರಿನಲ್ಲಿ ತೊಯ್ದ ಹುಡುಗ. ಗೇಟಿನ ಹತ್ತಿರ ದಿನಾ ಬೆಳಗ್ಗೆ ಕಾಣುತ್ತಿದ್ದದ್ದು ಇದು. ಹೆರಿಗೆ ನೋವು ಶುರುವಾದವರೂ ಹಾಗೇ ಬಂದಿದ್ದಾರೆ. ಅಂಥ ಸವಾರಿಗೆ ದುಡ್ಡೇ ಇಸಿದುಕೊಳ್ಳದೆ ಹೋದ ಹುಡುಗರನ್ನೂ ಕಂಡಿದ್ದೇನೆ. ಹೆಣವನ್ನು ಊರಿಗೆ ಸಾಗಿಸುವುದೂ ಎಷ್ಟೋ ಸಲ ಸೈಕಲ್ಲಿನಲ್ಲೇ.

ಅವರ ಮೈಗೆ ಏನಾಗುತ್ತದೆ ಅನ್ನುವುದೂ ನನಗೆ ಗೊತ್ತು. ಸೊಂಟ ನೋವು, ಮಂಡಿ ನೋವು, ಎದೆ ಹಿಡಿದುಕೊಳ್ಳುತ್ತದೆ ಅಂತ ಬರುತ್ತಿದ್ದರು. ಎಲ್ಲರೂ ಇಪ್ಪತ್ತು, ಇಪ್ಪತ್ತೈದರ ಹುಡುಗರು. ವಯಸ್ಸಾದ ಮೇಲೆ ಮಾಡುವ ಕೆಲಸ ಅಲ್ಲ ಅದು. ಗರಂ ಚಾ ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ಹುಡುಗರಿಗೆ ಬೇಕಾಗಿದ್ದು ನಿಮ್ಮ ದೂರ ನಿಲ್ಲುವಿಕೆ ಅಲ್ಲ. ದಿನದ ಬಾಡಿಗೆ, ಮಾಲೀಕನಿಗೆ ಕೊಡುವುದು ಕೊಟ್ಟ ಮೇಲೆ ಕೈಯಲ್ಲಿ ಉಳಿಯುವ ನಾಲ್ಕು ಕಾಸು.

ಶಿರಸಿ ಅಡಿಕೆ
ಮಾಲೀಕ ಅಂದರೆ? ಸೈಕಲ್ ಅವರದ್ದೇ ಅಲ್ವಾ?

ಕೆರೆ ದಂಡೆ ಕನ್ನಡಿಗ
ಕೆಲವರದ್ದು ಸ್ವಂತ. ಹಲವರು ದಿನದ ಲೆಕ್ಕಕ್ಕೆ ಬಾಡಿಗೆ ತಗೊಳ್ಳುತ್ತಾರೆ. ಸಂಜೆ ಮಾಲೀಕನಿಗೆ ಗೊತ್ತು ಮಾಡಿದ ಮೊತ್ತ ಕೊಡಬೇಕು, ಮೇಲೆ ಬಂದದ್ದು ತನಗೆ. ಪ್ಯಾಸೆಂಜರ್ ಕಡಿಮೆ ಇದ್ದ ದಿನ ಬರೀ ಮಾಲೀಕನಿಗೆ ದುಡಿದಂತೆ. ಸ್ಟೇಜ್ ಅಂದರೆ ನಿಲ್ದಾಣ. ಪ್ರತಿ ಸ್ಟೇಜಿಗೂ ಒಬ್ಬ ಚೇರ್ಮನ್ ಇರುತ್ತಾನೆ. ಹೊಸಬ ನಿಲ್ಲಬೇಕಾದರೆ ಸೇರುವ ಹಣ ಕಟ್ಟಬೇಕು. ಅವರಲ್ಲೇ ಚಾಮಾ ಅಂತ ನಡೆಸುತ್ತಾರೆ, ನಮ್ಮ ಚೀಟಿ ವ್ಯವಹಾರವೇ. ಸರದಿ ಪ್ರಕಾರ ಒಬ್ಬೊಬ್ಬರಿಗೆ ಹಣ. ಆ ಹಣದಲ್ಲಿ ಸ್ವಂತ ಸೈಕಲ್, ಆಮೇಲೆ ಸಾಲ ಸೇರಿಸಿ ಮೋಟಾರ್ ಬೈಕ್. ಹುಡುಗರ ಕನಸು ಅದೇ. ಹೆಚ್ಚಿನವರು ಬಜಾಜ್ ಬಾಕ್ಸರ್ ಅಥವಾ ಟಿವಿಎಸ್ ಅನ್ನುತ್ತಾರೆ.

ಮೈಸೂರು ಮೇಷ್ಟ್ರು
ಟಿವಿಎಸ್‌ನವರದ್ದು ನಮ್ಮ ಮೈಸೂರಲ್ಲೂ ಕಾರ್ಖಾನೆ ಇದೆ. 2008ರ ಸುಮಾರಿಗೆ ಕೀನ್ಯಾ ಸರ್ಕಾರ ಸಣ್ಣ ಬೈಕುಗಳ ಮೇಲಿನ ತೆರಿಗೆ ತೆಗೆಯಿತು. ಆಮೇಲೆ ಭಾರತ, ಚೀನಾದ ಬೈಕುಗಳು ಪ್ರವಾಹದ ಹಾಗೆ ಬಂದವು. ಸೈಕಲ್ ಬೋಡಾ ಪೇಟೆ ಬಿಟ್ಟು ಹಳ್ಳಿಗೆ ಸರಿದದ್ದು ಆಗಲೇ.

ಬೆಂಗಳೂರು ಟ್ರಾಫಿಕ್
ನಮ್ಮಲ್ಲಿ ಉಲ್ಟಾ ನೋಡಿ. 2025ರ ಜೂನಿನಲ್ಲಿ ಹೈಕೋರ್ಟ್ ಆದೇಶದ ಮೇಲೆ ಬೈಕ್ ಟ್ಯಾಕ್ಸಿ ನಿಂತೇಹೋಯಿತು. ಎಷ್ಟು ಹುಡುಗರ ಕೆಲಸ ಹೋಯಿತು. ಆಟೋದವರು...

ನಿರ್ವಾಹಕರು
ಬೆಂಗಳೂರು ಬೈಕ್ ಟ್ಯಾಕ್ಸಿಗೆ ಬೇರೆ ಚರ್ಚೆ ನಡೆಯುತ್ತಿದೆ. ದಯವಿಟ್ಟು ಅಲ್ಲಿ ಬರೆಯಿರಿ.

ಬೆಂಗಳೂರು ಟ್ರಾಫಿಕ್
ಸರಿ ಸರ್. ಒಂದೇ ಮಾತು: ನಿಲ್ಲಿಸುವುದು ಸುಲಭ, ಬದಲಿಗೆ ಏನು ಅಂತ ಯಾರೂ ಹೇಳುವುದಿಲ್ಲ. ಬುರುಂಡಿಯಲ್ಲೂ ಹಾಗೇ ಆಯಿತಲ್ಲ.

ಕಿಗಾಲಿ ಕನ್ನಡಿಗ
ಹೌದು. 2022ರಲ್ಲಿ ಬುಜುಂಬುರಾ ನಗರದ ನಡುಭಾಗಕ್ಕೆ ಸೈಕಲ್, ಮೋಟಾರ್ ಬೈಕ್, ಟುಕ್ ಟುಕ್ ಯಾವುದೂ ಬರಬಾರದು ಅಂದರು. ದುಡಿಯುವವರಿಗೂ ಪೆಟ್ಟು, ಸಂತೆಗೆ ಬರುವ ಹೆಂಗಸರಿಗೂ ಪೆಟ್ಟು. ಮೇಲಿಂದ ಪೆಟ್ರೋಲ್ ಅಭಾವ.

ಆ ದೇಶದ ಬಾಳೆಗೊನೆ ಸೈಕಲ್‌ಗಳ ಬಗ್ಗೆ ಕೇಳಿದ್ದೀರಾ? ಬೆಟ್ಟದ ಮೇಲಿಂದ ಬುಜುಂಬುರಾಕ್ಕೆ ಗೊನೆಗಳನ್ನು ಹೇರಿಕೊಂಡು ಭಯ ಹುಟ್ಟಿಸುವ ವೇಗದಲ್ಲಿ ಇಳಿಯುತ್ತಾರೆ. ವಾಪಸ್ ಹೋಗುವಾಗ ಲಾರಿಯ ಹಿಂಬದಿ ಹಿಡಿದು ಏರುತ್ತಾರೆ. ಕೈ ಜಾರಿದರೆ ಮುಗಿಯಿತು. ತುಂಬ ಜನ ಸತ್ತಿದ್ದಾರೆ. ಅದನ್ನು ಸಾಹಸ ಅಂತ ವಿಡಿಯೊ ಮಾಡಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗರಂ ಚಾ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಮಂಡ್ಯ ಮುದ್ದೆ
ಅಲ್ಲಿ ಊಟಕ್ಕೆ ಏನು ಸಿಗುತ್ತದೆ? ಸಸ್ಯಾಹಾರಿಗಳಿಗೆ ಕಷ್ಟವಾ?

ಕೆರೆ ದಂಡೆ ಕನ್ನಡಿಗ
ಕಷ್ಟ ಏನಿಲ್ಲ. ಚಪಾತಿ ಎಲ್ಲ ಕಡೆ ಸಿಗುತ್ತದೆ, ಜೊತೆಗೆ ಹುರುಳಿಕಾಯಿ ಬೀಜದಂಥ ಕಾಳಿನ ಪಲ್ಯ. ಸುಕುಮಾ ವೀಕಿ ಅನ್ನುವ ಸೊಪ್ಪು. ಉಗಾಲಿ ಅಂದರೆ ಜೋಳದ ಹಿಟ್ಟಿನ ಮುದ್ದೆ, ಮೆಕ್ಕೆಜೋಳದ್ದು. ಮೀನು ತಿನ್ನುವವರಾದರೆ ಇಲ್ಲಿಯ ಕೆರೆ, ಅಂದರೆ ವಿಕ್ಟೋರಿಯಾ ಸರೋವರದ ದಂಡೆಯ ಡುಂಗಾದಲ್ಲಿ ತಿಲಾಪಿಯಾ ತಿನ್ನದೆ ಹೋಗಬೇಡಿ.

ನಿಮ್ಮ ಹೆಸರು ನೋಡಿ ಇದನ್ನು ಹೇಳಲೇಬೇಕು. ಇಲ್ಲಿ ರಾಗಿ ಇದೆ! ವಿಂಬಿ ಅನ್ನುತ್ತಾರೆ. ಬೆಳಗ್ಗೆ ಸ್ಟೇಜಿನ ಪಕ್ಕ ಹೆಂಗಸರು ಬಿಸಿ ಉಜಿ ಮಾರುತ್ತಾರೆ, ರಾಗಿ ಗಂಜಿಯೇ. ಸವಾರರು ಒಂದು ದೊಡ್ಡ ಲೋಟ ಕುಡಿದೇ ಗಾಡಿ ಹತ್ತುವುದು. ಕಂದು ಬಣ್ಣದ ಉಗಾಲಿಗೂ ರಾಗಿ ಹಿಟ್ಟು ಹಾಕುತ್ತಾರೆ.

ಮೈಸೂರು ಮೇಷ್ಟ್ರು
ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡಾ, ಇಥಿಯೋಪಿಯಾ ಕಡೆ. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು.

ಮಂಡ್ಯ ಮುದ್ದೆ
ಏನ್ ಹೇಳ್ತೀರಾ ಮೇಷ್ಟ್ರೇ! ನಮ್ಮ ರಾಗಿ ಅಲ್ಲಿಯದಾ?

ಕಡಲ ತೀರ ಉಡುಪಿ
ನಿಜ. ನಾನಿದ್ದ ಟೆಸೊ ಸೀಮೆಯಲ್ಲಿ ಅಟಾಪ್ ಅಂತ ಮಾಡುತ್ತಾರೆ. ರಾಗಿ, ಮರಗೆಣಸಿನ ಹಿಟ್ಟು ಸೇರಿಸಿ ತೊಳಸಿದ ಮುದ್ದೆ. ನನ್ನ ಜೊತೆ ಹಾಸನದವರೊಬ್ಬರು ಇದ್ದರು, ಅವರು ಅದಕ್ಕೆ ಕಡಲೆಕಾಯಿ ಸಾರು ಹಾಕಿಕೊಂಡು ಊರ ನೆನಪು ಬಂತು ಅಂತ ಕಣ್ಣು ಒರೆಸಿಕೊಂಡರು.

ಧಾರವಾಡ ಪೇಢೆ
ಅಲ್ಲಿಯ ಇಂಡಿಯನ್ನರೆಲ್ಲ ರೈಲು ಕಟ್ಟಲು ಹೋದ ಗುಜರಾತಿಗಳು ಅಲ್ವಾ?

ಮೈಸೂರು ಮೇಷ್ಟ್ರು
ರೈಲು ಕಟ್ಟಿದವರಲ್ಲಿ ಹೆಚ್ಚಿನವರು ಪಂಜಾಬಿನವರು. 1896ರಲ್ಲಿ ಮೊಂಬಾಸಾದಿಂದ ಶುರುವಾದ ಹಳಿ 1901ರಲ್ಲಿ ಕಿಸುಮು ಮುಟ್ಟಿತು. ಆಗ ಆ ಊರಿಗೆ ಪೋರ್ಟ್ ಫ್ಲಾರೆನ್ಸ್ ಅಂತ ಹೆಸರು. ಸುಮಾರು 32,000 ಜನರನ್ನು ಇಲ್ಲಿಂದ ಕರೆದುಕೊಂಡು ಹೋದರು, ಅದರಲ್ಲಿ ಸುಮಾರು 2,500 ಜನ ಅಲ್ಲೇ ತೀರಿಕೊಂಡರು. ಗುಜರಾತಿ ವ್ಯಾಪಾರಿಗಳು ಅದಕ್ಕಿಂತ ಮೊದಲೂ ಕರಾವಳಿಯಲ್ಲಿದ್ದರು, ಹಳಿ ಬಂದ ಮೇಲೆ ಒಳನಾಡಿಗೂ ಹೋಗಿ ಅಂಗಡಿ ಹಾಕಿದರು. ಕಿಸುಮು ಪಕ್ಕದ ಕಿಬೋಸ್‌ನಲ್ಲಿ ಕೆಲವು ಭಾರತೀಯರು ಜಮೀನು ಮಾಡಿ ಕಬ್ಬು ಬೆಳೆದರು. ತುಂಗೆ ದಂಡೆ ಅವರು ಅಹೇರೊ ಕಡೆ ಹೋದರೆ ಆ ಕಬ್ಬಿನ ಗದ್ದೆಗಳೂ ಕಾಣಬಹುದು.

ತುಂಗೆ ದಂಡೆ
ಇಷ್ಟು ಜನ ಬರೆದಿದ್ದೀರಿ, ತುಂಬ ಧನ್ಯವಾದ. ತಂಗಿಗೂ ಓದಿಸಿದೆ. ಅವಳು ನರ್ಸ್ ಅಕ್ಕನ ಮಾತು ಎರಡು ಸಲ ಓದಿದಳು. ಆದರೂ "ಗರಂ ಚಾ ಹೇಳುವುದಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ" ಅನ್ನುತ್ತಾಳೆ. ಹೋಗುವುದಾದರೆ ಬಾಡಿಗೆ ಹೇಗೆ ಮಾತಾಡಬೇಕು? ಚೌಕಾಸಿ ಮಾಡಬೇಕಾ?

ಕೆರೆ ದಂಡೆ ಕನ್ನಡಿಗ
ಹತ್ತುವ ಮುಂಚೆ ಮಾತಾಡಿ, ಇಳಿದ ಮೇಲೆ ಅಲ್ಲ. ಸ್ಟೇಜಿನ ಚೇರ್ಮನ್ ಹತ್ತಿರ ಹೋಗಿ ಅರ್ಧ ದಿನಕ್ಕೆ ಒಬ್ಬ ಸವಾರ ಬೇಕು ಅನ್ನಿ. ಮೊದಲು ಅವರ ಬಾಯಿಂದ ಬೆಲೆ ಬರಲಿ. ವಿದೇಶದವರು ಅಂತ ಸ್ವಲ್ಪ ಜಾಸ್ತಿ ಹೇಳಬಹುದು, ಹೇಳಲಿ ಬಿಡಿ. ನಿಮಗೆ ಅದು ಒಂದು ಊಟದ ದುಡ್ಡು. ಕಾಯುವ ಹೊತ್ತಿಗೂ ಲೆಕ್ಕ ಹಾಕಿ. ದೂರದ ಊರಲ್ಲಿ ಇಳಿದುಬಿಟ್ಟರೆ ಅವನು ಖಾಲಿ ವಾಪಸ್ ಬರಬೇಕು, ಆ ದಾರಿಯ ಬಾಡಿಗೆಯೂ ಕೊಡಿ. ಊಟ ನಿಮ್ಮ ಜೊತೆಗೇ ಮಾಡಿಸಿ. ದುಡ್ಡು ಎಂ-ಪೆಸಾದಲ್ಲಿ ಕಳಿಸಬಹುದು. ಹಳ್ಳಿಯ ಸವಾರರ ಹತ್ತಿರವೂ ಇರುತ್ತದೆ, 2007ರಿಂದ ಇಲ್ಲಿ ಅದೇ ನಡೆಯುತ್ತಿದೆ.

ಇಬ್ಬರಿದ್ದರೆ ಎರಡು ಸೈಕಲ್. ಒಂದರ ಮೇಲೆ ಇಬ್ಬರು ಕೂರಬೇಡಿ, ಅವರು ಒಪ್ಪಿದರೂ ಕೂರಬೇಡಿ.

ಗರಂ ಚಾ
ತಂಗಿ ಕೇಳಿದ್ದಕ್ಕೆ ನಾನೇ ಒಂದು ದಾರಿ ಹೇಳುತ್ತೇನೆ. ಒಬ್ಬ ಸವಾರನನ್ನು ಇಡೀ ದಿನಕ್ಕೆ ಗೊತ್ತು ಮಾಡಿ, ಅವನು ನಿಮ್ಮ ಗೈಡ್. ಅದೇ ಸ್ಟೇಜಿನಲ್ಲಿ ಇನ್ನೊಬ್ಬನ ಸೈಕಲ್ ಬಾಡಿಗೆಗೆ ಪಡೆಯಿರಿ. ಅವನಿಗೆ ಒಂದು ದಿನದ ಪೂರ್ತಿ ದುಡಿಮೆ ಕೊಡಿ. ನೀವು ತುಳಿಯಿರಿ, ಗೈಡೂ ತುಳಿಯಲಿ, ಪಕ್ಕಪಕ್ಕ ಮಾತಾಡಿಕೊಂಡು ಹೋಗಿ. ಇಬ್ಬರಿಗೆ ದುಡ್ಡು ಸಿಕ್ಕಿತು. ನೀವೂ ಯಾರ ಮೇಲೂ ಭಾರ ಹಾಕಲಿಲ್ಲ.

ಪೆಡಲ್ ಪುಟ್ಟಿ
ಇದು ಒಳ್ಳೆಯ ಮಾತು. ನಾನು ಒಪ್ಪುತ್ತೇನೆ. ಆದರೆ ಸ್ವಲ್ಪ ದೂರವಾದರೂ ಹಿಂದೆ ಕೂರಿ ಅಣ್ಣ. ಅಲ್ಲಿಯ ಅಜ್ಜಿಯರು, ಸ್ಕೂಲ್ ಮಕ್ಕಳು ದಿನಾ ಹೋಗುವ ಹಾಗೆ ನೀವೂ ಹೋಗಿ ಬರುವುದರಲ್ಲಿ ತಪ್ಪಿಲ್ಲ. ನೀವು ಕೂರುವುದೇ ಇಲ್ಲ ಅಂದರೆ ಅವನ ಕಸುಬಿನ ಬಗ್ಗೆ ನಿಮಗೆ ಅಸಹ್ಯ ಇದೆ ಅಂತ ಅವನಿಗೆ ಅನಿಸಬಹುದು.

ಗರಂ ಚಾ
ಅವನಿಗೆ ಹಾಗೆ ಅನಿಸುತ್ತದಾ ಇಲ್ಲವಾ ಅಂತ ಅವನನ್ನೇ ಕೇಳಲಿ. ನಾವು ಇಲ್ಲಿ ಕೂತು ಅವನ ಪರವಾಗಿ ಮಾತಾಡುವುದು ಬೇಡ.

ಸೈಕಲ್ ಶಾಪ್ ಗದಗ
ಪಕ್ಕಪಕ್ಕ ತುಳಿಯುವುದು ಸರಿ, ಆದರೆ ಆ ಸೈಕಲ್ ಸುಲಭ ಅಲ್ಲ. ಖಾಲಿ ಇದ್ದರೂ ಇಪ್ಪತ್ತು ಕೆಜಿ ಮೇಲೆ. ಗೇರಿನ ಸೈಕಲ್ ಅಭ್ಯಾಸ ಇದ್ದವರಿಗೆ ತೊಡೆ ಹಿಡಿದುಕೊಳ್ಳುತ್ತದೆ. ಸೀಟು ಎತ್ತರ ನಿಮ್ಮ ಕಾಲಿಗೆ ಸರಿ ಮಾಡಿಸಿಕೊಳ್ಳಿ. ರಸ್ತೆ ಪಕ್ಕ ಮರದ ಕೆಳಗೆ ಫುಂಡಿ ಇರುತ್ತಾನೆ, ರಿಪೇರಿಯವನು. ಒಂದು ಸ್ಪ್ಯಾನರ್ ಸಾಕು ಅವನಿಗೆ.

ಶಿರಸಿ ಅಡಿಕೆ
ನಾನೂ ಮುಂದಿನ ವರ್ಷ ಆ ಕಡೆ ಬರುವವಳು. ಚೂಡಿದಾರ ಹಾಕಿಕೊಂಡು ಕೂರಬಹುದಾ? ಅಲ್ಲಿಯ ಹೆಂಗಸರು ಹೇಗೆ ಕೂರುತ್ತಾರೆ?

ಕಡಲ ತೀರ ಉಡುಪಿ
ಅವರು ಉದ್ದ ಲಂಗ ಹಾಕುತ್ತಾರೆ, ಒಂದೇ ಬದಿಗೆ ಕೂರುತ್ತಾರೆ. ನೀವು ಚೂಡಿದಾರದಲ್ಲಿ ಎರಡೂ ಕಡೆ ಕಾಲು ಹಾಕಿ ಕೂತರೆ ಹಿಡಿತ ಚೆನ್ನಾಗಿರುತ್ತದೆ. ಆದರೆ ದುಪ್ಪಟ್ಟಾ ಬೇಡ! ಬೇಕೇ ಬೇಕು ಅಂದರೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ. ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಶೂ ಹಾಕಿ. ಸ್ಪೋಕಿಗೆ ಹಿಮ್ಮಡಿ ಸಿಕ್ಕಿ ಚರ್ಮ ಕಿತ್ತುಹೋದ ಮಕ್ಕಳಿಗೆ ನಾನು ಎಷ್ಟೋ ಡ್ರೆಸಿಂಗ್ ಮಾಡಿದ್ದೇನೆ. ಲೇಸಿನ ತುದಿ ಒಳಗೆ ಸೇರಿಸಿ.

ತುಂಗೆ ದಂಡೆ ಅವರೇ, ಹೊರಡುವ 10 ದಿನ ಮುಂಚೆಯಾದರೂ ಹಳದಿ ಜ್ವರದ ಲಸಿಕೆ ಆಗಿರಬೇಕು. ಆ ಸರ್ಟಿಫಿಕೇಟ್ ಇಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನಲ್ಲೇ ತಡೆಯುತ್ತಾರೆ. ಕಿಸುಮು ಸುತ್ತಮುತ್ತ ಮಲೇರಿಯಾ ಬಹಳ. ಮಾತ್ರೆ ಬಗ್ಗೆ ಈಗಲೇ ಡಾಕ್ಟರ್ ಹತ್ತಿರ ಕೇಳಿ. ಸಂಜೆ ತುಂಬುತೋಳಿನ ಅಂಗಿ. ಕೆರೆ ನೀರಿಗೆ ಕಾಲು ಇಳಿಸಬೇಡಿ, ಬಿಲ್‌ಹಾರ್ಜಿಯಾ ಹುಳು ಇದೆ.

ತುಂಗೆ ದಂಡೆ
ಅಕ್ಕ, ಲಸಿಕೆಗೆ ನಾಳೆಯೇ ಹೋಗುತ್ತೇನೆ. ಗರಂ ಚಾ ಹೇಳಿದಂತೆ ಎರಡು ಸೈಕಲ್ ಗೊತ್ತು ಮಾಡುವುದು ಅಂತ ತೀರ್ಮಾನ. ಕೊನೆಯ ಒಂದು ಭಾಗ ಮಾತ್ರ ಹಿಂದೆ ಕೂರುತ್ತೇನೆ, ಅದನ್ನೂ ಸವಾರನನ್ನು ಕೇಳಿ. ಎಷ್ಟು ಹೊತ್ತಿಗೆ ಹೊರಡಬೇಕು?

ಕೆರೆ ದಂಡೆ ಕನ್ನಡಿಗ
ಬೆಳಗ್ಗೆ ಏಳಕ್ಕೆ ಅಹೇರೊ ಸ್ಟೇಜಿನಲ್ಲಿರಿ. ಇದು ಭೂಮಧ್ಯರೇಖೆಯ ಹತ್ತಿರ, ವರ್ಷವಿಡೀ ಆರೂವರೆ ಹೊತ್ತಿಗೆ ಬೆಳಕಾಗುತ್ತದೆ. ಊರು ಸಾವಿರದ ನೂರು ಮೀಟರ್ ಎತ್ತರದಲ್ಲಿದ್ದರೂ ಹನ್ನೊಂದರ ಮೇಲೆ ಬಿಸಿಲು ಚುರುಕು. ಮಧ್ಯಾಹ್ನ ಮೂರು, ನಾಲ್ಕರ ಮೇಲೆ ಕೆರೆ ಕಡೆಯಿಂದ ಮೋಡ ಕಟ್ಟಿ ಗುಡುಗು ಮಳೆ ಹೊಡೆಯುವುದು ಮಾಮೂಲು. ಅಷ್ಟರೊಳಗೆ ಡಾಂಬರು ರಸ್ತೆಗೆ ವಾಪಸ್ ಬಂದಿರಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಉಜಿ ಮಾರುವವರ ಹತ್ತಿರ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದಿಲ್ಲ.